ಅಜ್ಜ ಮಾಡಿಟ್ಟ ಟ್ರಸ್ಟ್ ಎಲ್ಲಿದೆ?

ಕೆಲವು ಮನೆಗಳಲ್ಲಿ ಒಂದು ಮಾತು ವರ್ಷಗಟ್ಟಲೆ ಓಡಾಡುತ್ತಿರುತ್ತದೆ. ‘ನಿಮ್ಮಜ್ಜ ಮೊಮ್ಮಕ್ಕಳ ಓದಿಗೆ ಅಂತ ಏನೋ ಟ್ರಸ್ಟ್ ಮಾಡಿಟ್ಟಿದ್ರಂತೆ. ಅದರ ವಿಚಾರ ಎಲ್ಲಾ ದೊಡ್ಡಪ್ಪನಿಗೇ ಗೊತ್ತು.’ ಮಾತು ಅಲ್ಲಿಗೆ ನಿಲ್ಲುತ್ತದೆ. ದೊಡ್ಡಪ್ಪನನ್ನು ಕೇಳುವವರು ಯಾರು? ಕೇಳಿದರೆ ‘ನನ್ನ ಮೇಲೆ ಅನುಮಾನವೋ?’ ಎಂದು ಮುನಿಸಿಕೊಂಡರೆ? ಹಬ್ಬಕ್ಕೋ ಮದುವೆಗೋ ಮತ್ತೆ ಮುಖ ನೋಡಬೇಕಲ್ಲ! ಹೀಗಾಗಿ ಮಾತು ಮಾತಾಗಿಯೇ ಉಳಿಯುತ್ತದೆ. ಪಿಯುಸಿ ಮುಗಿಸಿದ ಮಗಳಿಗೆ ದೂರದ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿ, ಶುಲ್ಕ ಕಟ್ಟುವ ಕಡೆಯ ದಿನ ಹತ್ತಿರ ಬಂದಾಗ ಮತ್ತೆ ತಲೆ ಎತ್ತುತ್ತದೆ.

ಬೆಳಕು, ಶಾಖ, ಆಮ್ಲ, ಕ್ಷಾರ ಎಂದು ಪಾಠ ಮಾಡುವ ಮೇಷ್ಟರಿಗೆ ಟ್ರಸ್ಟಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಇಷ್ಟೇ. ಪ್ರತಿ ವರ್ಷ ಪ್ರವೇಶದ ದಿನಗಳಲ್ಲಿ, ಯಾವುದೋ ದೃಢೀಕರಣ ಪತ್ರಕ್ಕೆಂದು ಶಾಲೆಗೆ ಬರುವ ಹಳೆಯ ವಿದ್ಯಾರ್ಥಿಗಳ ಪೈಕಿ ಒಬ್ಬಿಬ್ಬರಾದರೂ ಈ ಮಾತು ತೆಗೆಯುತ್ತಾರೆ. ನಾನು ವಕೀಲನಲ್ಲ. ಆದರೆ ಒಂದು ಮಾತು ನಿಜವೋ ಅಲ್ಲವೋ ಎಂದು ತಿಳಿಯುವ ಕ್ರಮ ಪ್ರಯೋಗಶಾಲೆಯಲ್ಲೂ ಒಂದೇ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಒಂದೇ. ಅಜ್ಜಿ ಹೇಳಿದ್ದು ಒಂದು ಊಹೆ. ಅದನ್ನು ನಂಬಲೂ ಬೇಡಿ, ನಗೆಯಾಡಲೂ ಬೇಡಿ. ಪರೀಕ್ಷಿಸಿ.

ಮೊದಲು ಟ್ರಸ್ಟ್ ಎಂದರೇನೆಂದು ಸರಿಯಾಗಿ ತಿಳಿಯೋಣ. ಖಾಸಗಿ ಟ್ರಸ್ಟುಗಳಿಗೆ ನಮ್ಮಲ್ಲಿ ಅನ್ವಯವಾಗುವುದು 1882ರ ಭಾರತೀಯ ಟ್ರಸ್ಟ್ ಕಾಯ್ದೆ. ಅದರಲ್ಲಿ ಮೂರು ಪಾತ್ರಗಳಿವೆ. ಆಸ್ತಿಯನ್ನು ಬಿಟ್ಟುಕೊಟ್ಟವರು ಟ್ರಸ್ಟಿನ ಕರ್ತೃ. ಅದನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡು ನಡೆಸುವವರು ಟ್ರಸ್ಟಿ. ಯಾರ ಒಳಿತಿಗಾಗಿ ಇಷ್ಟೆಲ್ಲ ನಡೆಯುತ್ತದೆಯೋ ಅವರು ಫಲಾನುಭವಿ. ಹೆಸರು ಒಬ್ಬರದು, ಫಲ ಇನ್ನೊಬ್ಬರದು. ತೊಂದರೆ ಹುಟ್ಟುವುದೂ ಇಲ್ಲೇ. ಖಾತೆಯಲ್ಲಿ ದೊಡ್ಡಪ್ಪನ ಹೆಸರಿದ್ದರೆ ಆಸ್ತಿ ಅವರದೇ ಎಂದು ಊರು ತಿಳಿಯುತ್ತದೆ. ಇಪ್ಪತ್ತು ವರ್ಷ ಕಳೆದರೆ ದೊಡ್ಡಪ್ಪನೂ ಹಾಗೆಯೇ ತಿಳಿಯತೊಡಗುತ್ತಾರೆ!

ಮನೆಮಾತಿನಲ್ಲಿ ‘ಟ್ರಸ್ಟ್’ ಎನ್ನುವುದೆಲ್ಲ ಟ್ರಸ್ಟ್ ಆಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಜ್ಜ ಊರಿನ ದೇವಸ್ಥಾನಕ್ಕೋ, ಬಡ ವಿದ್ಯಾರ್ಥಿಗಳ ಊಟಕ್ಕೋ ದತ್ತಿ ಇಟ್ಟಿದ್ದರೆ ಅದು ಸಾರ್ವಜನಿಕ ಧರ್ಮಾದಾಯ. ಅದರ ಆಡಳಿತ ಮಂಡಳಿಯಲ್ಲಿ ನಿಮ್ಮ ಮನೆಯವರು ಇರಬಹುದು, ಆದರೆ ಮೊಮ್ಮಗ ಎಂಬ ಕಾರಣಕ್ಕೆ ನಿಮಗೆ ಅದರಲ್ಲಿ ಪಾಲಿಲ್ಲ. ಇನ್ನು ಪಿತ್ರಾರ್ಜಿತ ಜಮೀನನ್ನು ಒಟ್ಟು ಕುಟುಂಬದ ಪರವಾಗಿ ಹಿರಿಯರು ನೋಡಿಕೊಳ್ಳುತ್ತಿದ್ದರೆ ಅದು ಅವಿಭಕ್ತ ಕುಟುಂಬದ ಆಸ್ತಿ. ಅಲ್ಲಿ ನೀವು ಕೇಳಬೇಕಾದ್ದು ಪಾಲು. (ಹೆಣ್ಣುಮಕ್ಕಳಿಗೆ ಅದರಲ್ಲಿ ಸಮಾನ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ.) ಬ್ಯಾಂಕಿನ ಠೇವಣಿಗೆ ನಿಮ್ಮನ್ನು ನಾಮಿನಿ ಮಾಡಿದ್ದರೆ ಅದೂ ಬೇರೆಯೇ ವಿಷಯ.

ಆದರೆ ಟ್ರಸ್ಟ್ ಎಂದು ಯಾರೂ ಕರೆಯದೆ, ನಿಜವಾಗಿ ಟ್ರಸ್ಟೇ ಆಗಿರುವ ಒಂದು ವಸ್ತು ಎಷ್ಟೋ ಮನೆಗಳ ಬೀರುವಿನಲ್ಲಿ ಬಿದ್ದಿರುತ್ತದೆ. ಅದು ಹಳೆಯ ಜೀವವಿಮಾ ಪಾಲಿಸಿ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಮದುವೆಯಾದ ಪುರುಷ ತನ್ನ ಜೀವದ ಮೇಲೆ ಮಾಡಿಸಿದ ಪಾಲಿಸಿಯಲ್ಲಿ ‘ಹೆಂಡತಿಯ ಅಥವಾ ಮಕ್ಕಳ ಒಳಿತಿಗಾಗಿ’ ಎಂದು ಸ್ಪಷ್ಟವಾಗಿ ಬರೆಸಿದ್ದರೆ, ಅದು ತಾನೇ ತಾನಾಗಿ ಅವರ ಹೆಸರಿನ ಟ್ರಸ್ಟ್ ಆಗುತ್ತದೆ. ಅದು ಆತನ ಸ್ವಂತ ಆಸ್ತಿಗೆ ಸೇರುವುದಿಲ್ಲ. ಸಾಲಗಾರರ ಕೈಗೂ ಸಿಗುವುದಿಲ್ಲ (ಸಾಲಗಾರರಿಗೆ ಮೋಸ ಮಾಡಲೆಂದೇ ಮಾಡಿಸಿದ್ದೆಂದು ಸಾಬೀತಾದರೆ ಮಾತು ಬೇರೆ). ಟ್ರಸ್ಟಿ ಯಾರೆಂದು ಹೇಳದೇ ಹೋಗಿದ್ದರೆ ಹಣ ಹೋಗಬೇಕಾದ್ದು ರಾಜ್ಯದ ಅಧಿಕೃತ ಟ್ರಸ್ಟಿಯ ಕೈಗೆ. ಆದ್ದರಿಂದ ಅಪ್ಪನ ಹಳೆಯ ಪಾಲಿಸಿಯ ಮೊದಲ ಪುಟದಲ್ಲಿ ಈ ಕಾಯ್ದೆಯ ಹೆಸರಿದೆಯೇ ಎಂದು ಒಮ್ಮೆ ಓದಿ ನೋಡಿ. ನಮ್ಮಲ್ಲಿ ಪಾಲಿಸಿಯ ಮೊತ್ತ ಓದುತ್ತಾರೆ, ಕಂತಿನ ದಿನಾಂಕ ಓದುತ್ತಾರೆ, ಉಳಿದದ್ದನ್ನು ಓದುವವರು ಕಡಿಮೆ.

ಈಗ ಹುಡುಕಾಟ. ಎಲ್ಲಿ ಹುಡುಕಬೇಕೆಂಬುದು ಟ್ರಸ್ಟಿಗೆ ಕೊಟ್ಟ ಆಸ್ತಿ ಯಾವುದೆಂಬುದರ ಮೇಲೆ ನಿಂತಿದೆ. ಮನೆ, ನಿವೇಶನ, ಅಂಗಡಿ ಮಳಿಗೆಯಂಥ ಸ್ಥಿರಾಸ್ತಿಯಾದರೆ, ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದು ಬರವಣಿಗೆಯಲ್ಲಿರಬೇಕು, ಸಹಿಯಾಗಿರಬೇಕು, ನೋಂದಣಿಯಾಗಿರಬೇಕು. ಇಲ್ಲವೇ ಉಯಿಲಿನ ಮೂಲಕ ಆಗಿರಬೇಕು. ಹಣ, ಷೇರು, ಒಡವೆಯಂಥ ಚರಾಸ್ತಿಗೆ ಈ ಕಟ್ಟುಪಾಡಿಲ್ಲ. ಅದನ್ನು ಟ್ರಸ್ಟಿಯ ಹೆಸರಿಗೆ ವರ್ಗಾಯಿಸಿ, ಉದ್ದೇಶ ಸ್ಪಷ್ಟವಾಗಿದ್ದರೆ ಸಾಕು. ಅಂದರೆ ಅಜ್ಜಿಯ ನೆನಪಿನಲ್ಲಿ ‘ಪೇಟೆಯ ಮಳಿಗೆ’ ಎಂಬ ಮಾತಿದ್ದರೆ ಎಲ್ಲೋ ಒಂದು ಕಾಗದ ಇರಲೇಬೇಕು. ‘ಬ್ಯಾಂಕಲ್ಲಿ ಇಟ್ಟಿದ್ರು’ ಎಂದಿದ್ದರೆ ಕಾಗದ ಇರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿ ಅಜ್ಜಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ದುಡ್ಡು?’ ಎಂದಲ್ಲ, ‘ಏನನ್ನು ಕೊಟ್ಟರು, ಯಾವ ಊರಿನಲ್ಲಿತ್ತು?’ ಎಂದು.

ಊರು ಏಕೆಂದರೆ, ಸ್ಥಿರಾಸ್ತಿಯ ಪತ್ರಗಳು ನೋಂದಣಿಯಾಗುವುದು ಆಸ್ತಿ ಇರುವ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಜ್ಜ ಮೈಸೂರಿನಲ್ಲಿದ್ದು ಮಳಿಗೆ ಹಾಸನದಲ್ಲಿದ್ದರೆ ನೀವು ಹೋಗಬೇಕಾದ್ದು ಹಾಸನಕ್ಕೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಅಲ್ಲಿ ಬೇರೆ ಬೇರೆ ಪುಸ್ತಕಗಳಿರುತ್ತವೆ. ಒಂದನೇ ಪುಸ್ತಕ ಸ್ಥಿರಾಸ್ತಿಯ ಪತ್ರಗಳದ್ದು. ಇದನ್ನೂ ಇದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ‘ನೀನು ಯಾರು, ನಿನಗೇಕೆ?’ ಎಂದು ಕೇಳುವಂತಿಲ್ಲ. ಮೂರನೇ ಪುಸ್ತಕ ಉಯಿಲುಗಳದ್ದು. ಬರೆದವರು ಬದುಕಿರುವವರೆಗೆ ಅವರಿಗಷ್ಟೇ ನಕಲು. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ, ಮರಣ ಪ್ರಮಾಣಪತ್ರ ಜೊತೆಗಿರಲಿ. ನಾಲ್ಕನೆಯದು ಇತರ ಪತ್ರಗಳದ್ದು. ಬರೀ ಹಣ, ಷೇರುಗಳ ಟ್ರಸ್ಟ್ ಪತ್ರ ನೋಂದಣಿಯಾಗಿದ್ದರೆ ಇಲ್ಲಿರುತ್ತದೆ. ಇದರ ನಕಲು ಸಿಗುವುದು ಪತ್ರ ಬರೆದುಕೊಟ್ಟವರಿಗೆ ಮತ್ತು ಅದರ ಅಡಿಯಲ್ಲಿ ಹಕ್ಕು ಹೇಳುವವರಿಗೆ. ಫಲಾನುಭವಿ ಎನ್ನುವ ನೀವು ಆ ಎರಡನೇ ಗುಂಪಿಗೆ ಸೇರುತ್ತೀರಿ.

ಒಂದು ತಮಾಷೆ ನೋಡಿ. ಪುಸ್ತಕ ನೋಡುವ ಈ ಹಕ್ಕು ಇರುವುದು ನೋಂದಣಿ ಕಾಯ್ದೆಯ 57ನೇ ಸೆಕ್ಷನ್‌ನಲ್ಲಿ. ಟ್ರಸ್ಟಿಯ ಹತ್ತಿರ ಇರುವ ಕಾಗದ ನೋಡುವ ಹಕ್ಕು ಇರುವುದು ಟ್ರಸ್ಟ್ ಕಾಯ್ದೆಯ 57ನೇ ಸೆಕ್ಷನ್‌ನಲ್ಲಿ! ಸೂತ್ರ ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಇಷ್ಟು ಸುಲಭದ ಸಂಖ್ಯೆ ಬೇರೆ ಸಿಗಲಾರದು.

ಪತ್ರದ ಸಂಖ್ಯೆ, ವರ್ಷ ಗೊತ್ತಿಲ್ಲದಿದ್ದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ಅಂದರೆ ಜನ ‘ಇ.ಸಿ.’ ಎನ್ನುವುದನ್ನು ತೆಗೆಸಬೇಕು. 2004ರಿಂದೀಚಿನ ನೋಂದಣಿಗಳನ್ನು ಕರ್ನಾಟಕದಲ್ಲಿ ‘ಕಾವೇರಿ’ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮನೆಯಲ್ಲೇ ಕುಳಿತು ಹುಡುಕಬಹುದು. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು, ದಪ್ಪ ಪುಸ್ತಕಗಳ ಸೂಚಿಯಲ್ಲಿ ಹುಡುಕಿಸಬೇಕು. ಅಜ್ಜ ತೀರಿಕೊಳ್ಳುವ ಹಿಂದಿನ ಹದಿನೈದು ಇಪ್ಪತ್ತು ವರ್ಷಗಳನ್ನು ಕೇಳಿದರೆ ಸಾಮಾನ್ಯವಾಗಿ ಸಾಕು. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಉತ್ತರ ಬರುತ್ತದೆ. ಆದರೆ ನಮೂನೆ 16 ಬಂತೆಂದು ‘ಟ್ರಸ್ಟೇ ಇಲ್ಲ’ ಎನ್ನಬೇಡಿ. ಅಡುಗೆ ಉಪ್ಪಿನ ನೀರಿಗೆ ಲಿಟ್ಮಸ್ ಕಾಗದ ಅದ್ದಿದರೆ ಬಣ್ಣ ಬದಲಾಗುವುದಿಲ್ಲ, ಹಾಗೆಂದು ನೀರಿನಲ್ಲಿ ಏನೂ ಇಲ್ಲವೇ? ಇ.ಸಿ. ಹೇಳುವುದು ಆ ಒಂದು ಆಸ್ತಿಯ ಬಗ್ಗೆ, ಆ ಅವಧಿಯಲ್ಲಿ ನೋಂದಣಿಯಾದ ಪತ್ರಗಳನ್ನು ಮಾತ್ರ. ನೋಂದಾಯಿಸದ ಉಯಿಲು, ಬ್ಯಾಂಕಿನ ಹಣ, ಷೇರು ಇವಾವುವೂ ಅದರ ಕಣ್ಣಿಗೆ ಬೀಳುವುದಿಲ್ಲ.

ಹಣದ ಜಾಡು ಬೇರೆ. ಮನೆಯ ಟ್ರಂಕಿನಲ್ಲಿರುವ ಹಳೆಯ ಪಾಸ್‌ಬುಕ್, ಬಡ್ಡಿಯ ಮೇಲೆ ತೆರಿಗೆ ಮುರಿದುಕೊಂಡ ಚೀಟಿ, ಡಿವಿಡೆಂಡಿನ ಲಕೋಟೆ ಇವನ್ನೆಲ್ಲ ರದ್ದಿಗೆ ಹಾಕುವ ಮೊದಲು ಹರಡಿಕೊಂಡು ಕೂರಿ. ಪ್ಯಾನ್ ಸಂಖ್ಯೆ ಕಂಡರೆ ಅದರ ನಾಲ್ಕನೆಯ ಅಕ್ಷರ ನೋಡಿ. ‘ಪಿ’ ಇದ್ದರೆ ವ್ಯಕ್ತಿ, ‘ಎಚ್’ ಇದ್ದರೆ ಅವಿಭಕ್ತ ಕುಟುಂಬ, ‘ಸಿ’ ಇದ್ದರೆ ಕಂಪನಿ. ‘ಟಿ’ ಇದ್ದರೆ? ಟ್ರಸ್ಟ್! ಮನೆಯಲ್ಲಿ ಮೂವತ್ತು ವರ್ಷ ಬಗೆಹರಿಯದ ವಾದವನ್ನು ಒಂದು ಅಕ್ಷರ ಬಗೆಹರಿಸಿಬಿಡಬಹುದು.

ಪಾಸ್‌ಬುಕ್ ಮೇಲಿನ ಬ್ಯಾಂಕಿನ ಹೆಸರು ಈಗ ಎಲ್ಲೂ ಕಾಣದಿದ್ದರೆ ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ವೈಶ್ಯ ಬ್ಯಾಂಕ್ ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರದಲ್ಲಿ ಕರಗಿತು. ನಮ್ಮ ನಾಡಿನಲ್ಲಿ ಹುಟ್ಟಿದ ಇಷ್ಟು ಬ್ಯಾಂಕುಗಳ ಬೋರ್ಡು ಒಂದೊಂದಾಗಿ ಇಳಿದದ್ದನ್ನು ನೆನೆದರೆ ನನ್ನ ವಯಸ್ಸಿನವರಿಗೆ ಮನಸ್ಸು ಭಾರವಾಗುತ್ತದೆ, ಇರಲಿ. ಬೋರ್ಡು ಇಳಿದರೂ ಖಾತೆ ಹೊಸ ಬ್ಯಾಂಕಿನಲ್ಲಿ ಮುಂದುವರಿದಿರುತ್ತದೆ.

ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸುತ್ತವೆ. ಈ ನಿಧಿ ಆರಂಭವಾದದ್ದು 2014ರಲ್ಲಿ. ಅಲ್ಲಿಗೆ ಹೋದ ಹಣ ಹೋಯಿತೆಂದಲ್ಲ. ಹಕ್ಕುದಾರರು ಅದೇ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ರಸ್ಟಿನ ಖಾತೆ ಅಜ್ಜನ ಹೆಸರಿನಲ್ಲಿ ಸಿಗದೇ ಇರಬಹುದು. ವ್ಯಕ್ತಿಗಳ ವಿಭಾಗದಲ್ಲಿ ಅಜ್ಜನ ಹೆಸರು ಹಾಕಿ ‘ಇಲ್ಲ’ ಎಂದು ಬಂದರೆ ಎದ್ದು ಹೋಗಬೇಡಿ. ಸಂಸ್ಥೆಗಳ ವಿಭಾಗಕ್ಕೆ ಹೋಗಿ ಟ್ರಸ್ಟಿನ ಹೆಸರಿನಲ್ಲೂ ಹುಡುಕಿ.

ಷೇರುಗಳದ್ದು ಇನ್ನೊಂದು ದಾರಿ. ಏಳು ವರ್ಷ ಯಾರೂ ಪಡೆಯದ ಡಿವಿಡೆಂಡು, ಅದರ ಜೊತೆಗೆ ಆ ಷೇರುಗಳು ಕೂಡ, ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಮರಳಿ ಪಡೆಯಲು ಐದನೇ ನಮೂನೆಯ ಅರ್ಜಿಯಿದೆ. ವಿಮೆಯ ಹಣ ಹತ್ತು ವರ್ಷ ಉಳಿದರೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಂದ ಪಡೆಯಲು 25 ವರ್ಷಗಳ ಗಡುವು.

ಇನ್ನು ಹೆಸರಿನ ವಿಚಾರ. ಇದರಲ್ಲಿ ನನಗೆ ಸ್ವಲ್ಪ ಅನುಭವವಿದೆ, ಮೂರು ದಶಕಗಳಿಂದ ಶಾಲೆಯ ದಾಖಲಾತಿ ಪುಸ್ತಕಗಳನ್ನು ತಿರುವಿ ಹಾಕಿದವನು. ಅಜ್ಜನ ಪತ್ರದಲ್ಲಿ ‘ಚಿ॥ ಪುಟ್ಟು’ ಎಂದಿರುತ್ತದೆ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಸಮೇತ ಮಾರುದ್ದದ ಹೆಸರು. ಒಂದು ಕಡೆ ಊರಿನ ಹೆಸರು ಮುಂದೆ, ಇನ್ನೊಂದು ಕಡೆ ಅಪ್ಪನ ಹೆಸರು ಹಿಂದೆ. ಮದುವೆಯಾದ ಹೆಣ್ಣುಮಕ್ಕಳ ಇನಿಷಿಯಲ್ ಬದಲಾಗಿರುತ್ತದೆ. ಬ್ಯಾಂಕಿನವರಿಗೆ ಇವರೆಲ್ಲ ಬೇರೆ ಬೇರೆ ಜನ. ಆಗ ನೆರವಿಗೆ ಬರುವುದು ಜನನ ಪ್ರಮಾಣಪತ್ರ, ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದ ನಕಲು, ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ. ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಒಂದೇ ಸಾಲಿನಲ್ಲಿ ಇರುತ್ತವೆ. ನೀವು ಒಂದನೇ ತರಗತಿ ಓದಿದ ಶಾಲೆಗೆ ಹೋಗಿ ಒಂದು ಅರ್ಜಿ ಕೊಡಿ.

ಪತ್ರದಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೂ ನಿರಾಶರಾಗಬೇಕಿಲ್ಲ. ‘ಈಗಿರುವ ಮತ್ತು ಮುಂದೆ ಹುಟ್ಟುವ ಮೊಮ್ಮಕ್ಕಳು’ ಎಂದು ಬರೆಯುವುದು ವಾಡಿಕೆ. ಆದರೆ ಖಾಸಗಿ ಆಸ್ತಿಯನ್ನು ತಲೆತಲಾಂತರಕ್ಕೂ ಕಟ್ಟಿಹಾಕಲು ಕಾನೂನು ಬಿಡುವುದಿಲ್ಲ. ಪತ್ರ ಜಾರಿಯಾದಾಗ ಬದುಕಿದ್ದವರ ಆಯುಷ್ಯ, ಅದರ ಮೇಲೆ ಒಂದು ಮಗು ಪ್ರಾಪ್ತ ವಯಸ್ಸಿಗೆ ಬರುವಷ್ಟು ಕಾಲ, ಅಷ್ಟರೊಳಗೆ ಆಸ್ತಿ ಯಾರಿಗಾದರೂ ಪೂರ್ಣವಾಗಿ ಸೇರಲೇಬೇಕು. ಹಾಗಾಗಿ ಮುತ್ತಜ್ಜನ ಟ್ರಸ್ಟ್ ಹುಡುಕುವವರು ಅದು ಮುಗಿದುಹೋಗಿ ಆಸ್ತಿ ಹಂಚಿಕೆಯಾಗಿರುವ ಸಾಧ್ಯತೆಯನ್ನೂ ನೆನಪಿಡಬೇಕು. ಇನ್ನೂ ಒಂದು. ‘ಅಗತ್ಯವುಳ್ಳ ಮೊಮ್ಮಕ್ಕಳಿಗೆ ಟ್ರಸ್ಟಿಗಳು ತಮ್ಮ ವಿವೇಚನೆಯಂತೆ’ ಎಂದು ಬರೆದಿದ್ದರೆ ಇಂತಿಷ್ಟೇ ಕೊಡಿ ಎಂದು ಕೇಳುವ ಹಕ್ಕು ಇರುವುದಿಲ್ಲ. ನನ್ನನ್ನೂ ಪರಿಗಣಿಸಿ ಎಂದು ಕೇಳಬಹುದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ತಂದೆ ಇಲ್ಲ. ತಾಯಿ ಅಂಗನವಾಡಿ ಕಾರ್ಯಕರ್ತೆ. ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅಜ್ಜ ತಾಲ್ಲೂಕು ಕೇಂದ್ರದ ಎರಡು ಮಳಿಗೆಗಳ ಬಾಡಿಗೆಯನ್ನು ಮೊಮ್ಮಕ್ಕಳ ಓದಿಗೆ ಬರೆದಿಟ್ಟಿದ್ದಾರೆಂದು ಮನೆಯಲ್ಲಿ ಮಾತು. ದೊಡ್ಡಪ್ಪ ಹಾಗೂ ಅಜ್ಜನ ಸ್ನೇಹಿತರೊಬ್ಬರು ಟ್ರಸ್ಟಿಗಳಂತೆ. ತಾಯಿಗೆ ಬಾವನವರನ್ನು ಕೇಳುವ ಧೈರ್ಯವಿಲ್ಲ. ‘ಅವರು ನಮಗೆ ಕಷ್ಟಕಾಲದಲ್ಲಿ ಅಕ್ಕಿ ಕೊಟ್ಟಿದ್ದಾರೆ ಸಾರ್’ ಎಂದರು. ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. ಮಳಿಗೆಯ ಹಳೆಯ ತೆರಿಗೆ ರಸೀದಿಯಿಂದ ನಂಬರು ಹುಡುಕಿ, ಇ.ಸಿ.ಗೆ ಅರ್ಜಿ ಕೊಟ್ಟಳು. 1988ರ ಒಂದು ನೋಂದಣಿ ಸಿಕ್ಕಿತು. ನಕಲು ತೆಗೆಸಿದಾಗ ಅಜ್ಜನ ಸಹಿ, ಮೊಮ್ಮಕ್ಕಳ ಓದಿನ ಮಾತು, ಮುಂದೆ ಹುಟ್ಟುವವರ ಮಾತು ಎಲ್ಲವೂ ಅದರಲ್ಲಿತ್ತು. ಆಕೆ ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ನಕಲು ಕೈಯಲ್ಲಿ ಹಿಡಿದು ಜಗಳಕ್ಕೆ ಹೋಗಬೇಡ, ಕಾಗದ ಬರೆ ಎಂದೆ. ಅವಳು ಬರೆದದ್ದು ಹೀಗಿತ್ತು: ‘ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು. ಅಜ್ಜ 1988ರಲ್ಲಿ ಮಾಡಿದ ಟ್ರಸ್ಟಿನ ಪತ್ರದ ನಕಲು ನನಗೆ ದೊರೆತಿದೆ. ನನ್ನ ಓದಿನ ಖರ್ಚಿಗೆ ಅದರಿಂದ ನೆರವಾಗುವುದೇ ಎಂದು ತಿಳಿಯಬೇಕಾಗಿದೆ. ಟ್ರಸ್ಟಿನ ಆಸ್ತಿ ಈಗ ಯಾವ ಸ್ಥಿತಿಯಲ್ಲಿದೆ, ಬ್ಯಾಂಕಿನಲ್ಲಿ ಎಷ್ಟಿದೆ ಎಂಬುದನ್ನೂ ಲೆಕ್ಕದ ಪುಸ್ತಕವನ್ನೂ ನೋಡಲು ತಮಗೆ ಅನುಕೂಲವಾದ ದಿನ ತಿಳಿಸಿದರೆ ಅಮ್ಮನೊಂದಿಗೆ ಬರುತ್ತೇನೆ.’ ಕಾನೂನಿನ ಬೆದರಿಕೆ ಇಲ್ಲ, ಅನುಮಾನದ ಮಾತಿಲ್ಲ. ಆದರೆ ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಳೆ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡಳು. ಟ್ರಸ್ಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಟ್ರಸ್ಟಿ ಸ್ಪಷ್ಟವಾದ ಲೆಕ್ಕ ಇಡಬೇಕು, ಫಲಾನುಭವಿ ಕೇಳಿದಾಗ ಆಸ್ತಿಯ ಪೂರ್ತಿ ವಿವರ ಕೊಡಬೇಕು. 57ನೇ ಸೆಕ್ಷನ್ ಪ್ರಕಾರ ಟ್ರಸ್ಟ್ ಪತ್ರ, ಲೆಕ್ಕ, ಅದರ ರಸೀದಿಗಳನ್ನು ಫಲಾನುಭವಿ ನೋಡಿ ನಕಲು ತೆಗೆದುಕೊಳ್ಳಬಹುದು. 41ನೇ ಸೆಕ್ಷನ್ ಅಪ್ರಾಪ್ತ ಫಲಾನುಭವಿಯ ವಿದ್ಯಾಭ್ಯಾಸಕ್ಕೆ ಖರ್ಚು ಮಾಡುವ ಅಧಿಕಾರವನ್ನು ಟ್ರಸ್ಟಿಗೆ ಕೊಡುತ್ತದೆ. ಅಂದರೆ ‘ನಿನಗೆ ಇನ್ನೂ ಹದಿನೆಂಟು ತುಂಬಿಲ್ಲ, ಆಮೇಲೆ ನೋಡೋಣ’ ಎಂಬ ಮಾತೇ ಕೊನೆಯ ಮಾತಲ್ಲ.

ಹತ್ತು ದಿನವಾದ ಮೇಲೆ ದೊಡ್ಡಪ್ಪನೇ ಬಂದರು, ಕೈಯಲ್ಲಿ ಒಂದು ಹಳೆಯ ನೋಟುಪುಸ್ತಕ ಹಿಡಿದು. ಬಾಡಿಗೆಯ ಲೆಕ್ಕ ಅದರಲ್ಲಿತ್ತು, ಕೆಲವು ವರ್ಷ ಬಿಟ್ಟುಹೋಗಿತ್ತು. ಒಂದು ಮಳಿಗೆ ರಸ್ತೆ ಅಗಲ ಮಾಡುವಾಗ ಹೋಗಿತ್ತು, ಪರಿಹಾರದ ಹಣ ಟ್ರಸ್ಟಿನ ಖಾತೆಗೆ ಬಿದ್ದಿತ್ತು. ಇನ್ನೊಂದಕ್ಕೆ ಬೀಗ. ಖಾತೆಯಿಂದ ಹಣ ತೆಗೆಯಲು ಇಬ್ಬರು ಟ್ರಸ್ಟಿಗಳ ಸಹಿ ಬೇಕಿತ್ತು. ಅಜ್ಜನ ಸ್ನೇಹಿತರು ತೀರಿಕೊಂಡ ಮೇಲೆ ಮುಂದೇನು ಮಾಡಬೇಕೆಂದು ತೋಚದೆ ದೊಡ್ಡಪ್ಪ ಸುಮ್ಮನಾಗಿದ್ದರು. ಆ ಬ್ಯಾಂಕು ಅಷ್ಟರಲ್ಲಿ ಬೇರೆ ಬ್ಯಾಂಕಿನಲ್ಲಿ ಸೇರಿಹೋಗಿತ್ತು. ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿತ್ತು. ಆ ಮನುಷ್ಯ ಒಂದು ಪೈಸೆ ತಿನ್ನಲಿಲ್ಲ, ಯಾರಿಗೂ ಉಣಿಸಲೂ ಇಲ್ಲ. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಆದರೆ ಕಾಯ್ದೆಯ ಕಣ್ಣಿಗೆ ಇದೂ ಲೋಪವೇ. ಆ ಹುಡುಗಿಯ ಇಬ್ಬರು ಅಣ್ಣಂದಿರು ದುಡ್ಡಿಲ್ಲವೆಂದು ಹತ್ತನೇ ತರಗತಿಗೇ ಓದು ಬಿಟ್ಟಿದ್ದರು. ಆಗ ಆ ಹಣ ಬ್ಯಾಂಕಿನಲ್ಲೇ ಇತ್ತು.

ಟ್ರಸ್ಟಿ ತೀರಿಕೊಂಡರೆ ಏನು ಮಾಡಬೇಕೆಂದು ಕಾಯ್ದೆಯ 73ನೇ ಸೆಕ್ಷನ್‌ನಲ್ಲಿದೆ. ಪತ್ರದಲ್ಲಿ ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿರದಿದ್ದರೆ, ಕರ್ತೃವೂ ಇಲ್ಲದಿದ್ದರೆ, ಉಳಿದಿರುವ ಟ್ರಸ್ಟಿಯೇ ಬರವಣಿಗೆಯ ಮೂಲಕ ಹೊಸಬರನ್ನು ನೇಮಿಸಬಹುದು. ದೊಡ್ಡಪ್ಪ ನೇಮಿಸಿದ್ದು ಹುಡುಗಿಯ ತಾಯಿಯನ್ನು! ಇಬ್ಬರೂ ಸೇರಿ ಬ್ಯಾಂಕಿಗೆ ಅರ್ಜಿ ಕೊಟ್ಟರು. ಹಣ ಬರುವ ಹೊತ್ತಿಗೆ ಹುಡುಗಿ ಮೂರನೇ ಸೆಮಿಸ್ಟರಿನಲ್ಲಿದ್ದಳು. ಮೊದಲ ವರ್ಷದ ಶುಲ್ಕಕ್ಕೆ ಶಿಕ್ಷಣ ಸಾಲವೇ ಗತಿಯಾಯಿತು. ಬಂದದ್ದು ಹಾಸ್ಟೆಲಿನ ಎರಡು ವರ್ಷದ ಖರ್ಚಿಗೆ ಸರಿಹೋಯಿತು. ಟ್ರಸ್ಟ್ ಸಿಗುತ್ತದೆಂದು ನಂಬಿ ಸಾಲದ ಅರ್ಜಿಯನ್ನೋ ವಿದ್ಯಾರ್ಥಿವೇತನದ ಅರ್ಜಿಯನ್ನೋ ತಡಮಾಡುವವರು ಇದನ್ನು ಗಮನಿಸಬೇಕು.

ಈ ನಡುವೆ ಇನ್ನೊಂದು ಪಿಡುಗು ಹುಟ್ಟಿಕೊಂಡಿದೆ. ಫೋನಿನಲ್ಲಿ ಒಬ್ಬ ಅಪರಿಚಿತ ‘ನಿಮ್ಮ ಹೆಸರಿನಲ್ಲಿ ಕೋಟಿ ರೂಪಾಯಿಯ ಟ್ರಸ್ಟ್ ಸಿಕ್ಕಿದೆ, ಬಿಡುಗಡೆಗೆ ಮೊದಲು ಇಷ್ಟು ಕಟ್ಟಿ’ ಎನ್ನುತ್ತಾನೆ. ಹುಡುಕುತ್ತಿರುವವರಿಗೆ ಇಂಥ ಕರೆ ಬಂದರೆ ಆಸೆಯಾಗುವುದು ಸಹಜ. ಟ್ರಸ್ಟ್ ಪತ್ರದ ನೋಂದಣಿ ಸಂಖ್ಯೆ, ವರ್ಷ, ಕಚೇರಿ ಯಾವುದೆಂದು ಕೇಳಿ. ನೋಂದಣಿಯಾದ ಪತ್ರಕ್ಕೆ ಈ ಮೂರೂ ಇರುತ್ತವೆ, ಅವನಿಗೆ ಒಂದೂ ಗೊತ್ತಿರುವುದಿಲ್ಲ. ಉದ್ಗಮ್‌ನಲ್ಲಿ ಹುಡುಕಲು ಯಾರಿಗೂ ಹಣ ಕೊಡಬೇಕಿಲ್ಲ. ನಿಮ್ಮ ಫೋನಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ.

ಎಲ್ಲ ದೊಡ್ಡಪ್ಪಂದಿರೂ ನೋಟುಪುಸ್ತಕ ಹಿಡಿದು ಮನೆಗೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಕಾಗದಕ್ಕೆ ಉತ್ತರ ಬಾರದಿದ್ದರೆ, ಅಥವಾ ‘ಅದೆಲ್ಲ ಹಳೇ ಕಥೆ, ಅವಧಿ ಮುಗಿದಿದೆ’ ಎಂದರೆ ಹೆದರಬೇಕಿಲ್ಲ. ನಿರ್ದಿಷ್ಟ ಉದ್ದೇಶಕ್ಕೆ ವಹಿಸಿದ ಆಸ್ತಿ ಟ್ರಸ್ಟಿಯ ಕೈಯಲ್ಲೇ ಇರುವವರೆಗೆ, ಅದನ್ನು ಅಥವಾ ಅದರ ಲೆಕ್ಕವನ್ನು ಕೇಳಲು 1963ರ ಕಾಲಮಿತಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಕಾಲದ ಅಡ್ಡಿಯಿಲ್ಲ. ಆದರೆ ಟ್ರಸ್ಟಿ ಅದನ್ನು ಹಣ ಪಡೆದು ಬೇರೆಯವರಿಗೆ ಮಾರಿದ್ದರೆ ಗಡಿಯಾರ ಓಡಲು ಶುರುವಾಗುತ್ತದೆ. ಮಾರಾಟದ ಸಂಗತಿ ನಿಮಗೆ ತಿಳಿದ ದಿನದಿಂದ ಸ್ಥಿರಾಸ್ತಿಗೆ 12 ವರ್ಷ, ಚರಾಸ್ತಿಗೆ 3 ವರ್ಷ. ಇ.ಸಿ.ಯಲ್ಲಿ ಮಾರಾಟ ಕಂಡರೆ ಅದನ್ನು ನೋಡಿದ ದಿನಾಂಕ ಬರೆದಿಟ್ಟುಕೊಂಡು ತಡಮಾಡದೆ ವಕೀಲರನ್ನು ಕಾಣಿ. ವಕೀಲರಿಗೆ ಕೊಡಲು ಹಣವಿಲ್ಲವೆಂದರೆ ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಹೋಗುವಾಗ ಟ್ರಸ್ಟ್ ಪತ್ರದ ದೃಢೀಕೃತ ನಕಲು, ದೊಡ್ಡಪ್ಪನಿಗೆ ಬರೆದ ಕಾಗದದ ಪ್ರತಿ, ಅಂಚೆಯ ರಸೀದಿ ಮೂರನ್ನೂ ಜೊತೆಗಿಟ್ಟುಕೊಳ್ಳಿ.